ಚಿತ್ರ ಬರೆಯೋಕೆ ಹೆದರುವ ಟೀಚರುಗಳ ಜೊತೆ ಎರಡು ಶನಿವಾರ

ನನ್ನ ಊರು ಸಾಗರದ ಹತ್ತಿರ ಒಂದು ಹಳ್ಳಿ. ಎಂಟೆಕ್ ಮುಗಿಸಿ ಪುಣೆಗೆ ಬಂದು ಒಂಬತ್ತು ವರ್ಷ ಆಯ್ತು. ನಿಮ್ಮಲ್ಲಿ ಹೆಚ್ಚಿನವರು ಹಿಂಜವಡಿ, ಖರಾಡಿ ಕಡೆಯವರು. ನನ್ನ ಕೆಲಸ ಸ್ವಲ್ಪ ಆಚೆ, ರಾಂಜಣಗಾಂವದಲ್ಲಿ. ಅಷ್ಟವಿನಾಯಕ ಯಾತ್ರೆ ಮಾಡಿದವರಿಗೆ ಅಲ್ಲಿನ ಮಹಾಗಣಪತಿ ಗೊತ್ತಿರುತ್ತಾನೆ. ಪುಣೆಯಿಂದ ಅಹಿಲ್ಯಾನಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಸುಮಾರು 50 ಕಿಲೋಮೀಟರ್. ಅದೇ ಊರಿನ ಎಂಐಡಿಸಿಯಲ್ಲಿ ಒಂದು ಕಾರ್ಖಾನೆಗೆ ನಾನು ಕ್ಯಾಮೆರಾ ತಂತ್ರಾಂಶ ಬರೆದುಕೊಡ್ತೀನಿ. ಅಸೆಂಬ್ಲಿ ಲೈನಿನ ಮೇಲೆ ಒಂದು ಕ್ಯಾಮೆರಾ ಕೂತಿರುತ್ತೆ. ಕೆಳಗೆ ಹಾದುಹೋಗುವ ಪ್ರತಿ ಭಾಗವನ್ನೂ ಅದು ಒಂದು ಮಾದರಿ ಚಿತ್ರದ ಜೊತೆ ಹೋಲಿಸುತ್ತೆ. ಮಾದರಿಯಂತೆ ಇದ್ದರೆ ಪಾಸ್, ಬೇರೆ ಇದ್ದರೆ ರಿಜೆಕ್ಟ್. ಎಂಟೆಕ್‌ನಲ್ಲಿ ಓದಿದ್ದೂ ಇದೇ, ಹೊಟ್ಟೆಪಾಡೂ ಇದೇ. ಈ ವಿಷಯ ಮುಂದೆ ಮತ್ತೆ ಬರುತ್ತೆ, ಅದಕ್ಕೇ ಮೊದಲೇ ಹೇಳಿದೆ.

ನಾಲ್ಕು ವರ್ಷದ ಹಿಂದೆ ಒಂದು ಕಂಪನಿಯ ಸಿಎಸ್‌ಆರ್ ಕಾರ್ಯಕ್ರಮದಲ್ಲಿ ನಾನು ಸ್ವಯಂಸೇವಕ. ಸುತ್ತಲಿನ ಜಿಲ್ಲಾ ಪರಿಷತ್ ಶಾಲೆಗಳ ಟೀಚರುಗಳಿಗೆ ಏನಾದರೂ ತರಬೇತಿ ಕೊಡಬೇಕು ಅಂತಿತ್ತು. ಕಂಪ್ಯೂಟರ್ ಬೇರೆಯವರು ತಗೊಂಡರು, ಇಂಗ್ಲಿಷ್ ಇನ್ನೊಬ್ಬರು ತಗೊಂಡರು, ಉಳಿದದ್ದು ಚಿತ್ರಕಲೆ. 'ನಿಂಗೆ ಇಮೇಜ್ ಪ್ರೊಸೆಸಿಂಗ್ ಬರುತ್ತಲ್ಲ' ಅಂತ ನನ್ನ ತಲೆಗೆ ಕಟ್ಟಿದರು. ನಾನೂ ಸಂತೋಷವಾಗಿ ಒಪ್ಪಿಕೊಂಡೆ. ಪ್ರೊಜೆಕ್ಟರ್ ತಗೊಂಡು ಹೋಗಿ 40 ಸ್ಲೈಡ್ ತೋರಿಸಿದೆ. ಗುಡ್ಡ ಬರೆಯೋದು ಹೇಗೆ, ಆರು ಹೆಜ್ಜೆ. ನವಿಲು, ಒಂಬತ್ತು ಹೆಜ್ಜೆ. '2' ಅಂತ ಬರೆದು ಬಾತುಕೋಳಿ ಮಾಡೋದು ನಿಮಗೆಲ್ಲ ಗೊತ್ತಲ್ಲ, ಅದೂ ಇತ್ತು. ಎರಡು ಗಂಟೆಯಲ್ಲಿ ಮುಗೀತು. ಪ್ರಮಾಣಪತ್ರ ಕೊಟ್ಟೆವು, ಗ್ರೂಪ್ ಫೋಟೋ ಆಯ್ತು.

ಎರಡು ವಾರದ ಮೇಲೆ ಒಬ್ಬರು ಟೀಚರ್ ವಾಟ್ಸಾಪಿನಲ್ಲಿ ತಮ್ಮ ಮಕ್ಕಳ ಚಿತ್ರ ಕಳಿಸಿದರು. ಎರಡನೇ ತರಗತಿ, 31 ಮಕ್ಕಳು, 31 ಚಿತ್ರ. ಎರಡು ಗುಡ್ಡ, ನಡುವೆ ಸೂರ್ಯ, ಬಲಗಡೆ ಹೆಂಚಿನ ಗುಡಿಸಲು, ಎಡಗಡೆ ತೆಂಗಿನಮರ. ನಾನು ತೋರಿಸಿದ ಸ್ಲೈಡೇ ಅದು. ಸೂರ್ಯನಿಗೆ ಏಳು ಕಿರಣ ಅಂತ ನಾನು ಹಾಕಿದ್ದೆ, ಅಲ್ಲೂ ಏಳೇ. ರಾಂಜಣಗಾಂವದಲ್ಲಿ ತೆಂಗಿನಮರದ ಕೆಳಗೆ ಗುಡಿಸಲಿನಲ್ಲಿ ಇರುವ ಮಗು ಒಂದೂ ಇಲ್ಲ. ನನ್ನ ಕ್ಯಾಮೆರಾ ಇಟ್ಟಿದ್ದರೆ 31ಕ್ಕೆ 31 ಪಾಸ್. ಕಂಪನಿಯವರು ಆ ಫೋಟೋ ನೋಡಿ ಬಹಳ ಖುಷಿಪಟ್ಟರು, ವಾರ್ಷಿಕ ವರದಿಗೂ ಹಾಕಿದರು. ನಂಗೆ ಮಾತ್ರ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಕಾರ್ಖಾನೆಯಲ್ಲಿ ಮಾಡೋ ಕೆಲಸವನ್ನೇ ಶಾಲೆಯಲ್ಲೂ ಮಾಡಿ ಬಂದಿದ್ದೆ.

ಇಲ್ಲಿ ನಿಮಗೆ ಒಂದು ಪ್ರಶ್ನೆ ಬರಬಹುದು. ಚಿತ್ರ ಕಲಿಸೋಕೆ ಡ್ರಾಯಿಂಗ್ ಮಾಸ್ತರು ಇರ್ತಾರಲ್ಲ, ಗಣಿತ ಕಲಿಸೋ ಟೀಚರಿಗೆ ಯಾಕೆ ಈ ತಾಪತ್ರಯ? ನಾನೂ ಹಾಗೇ ಅಂದ್ಕೊಂಡಿದ್ದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಕೊನೆಯಲ್ಲಿ ಒಂದು ಅನುಸೂಚಿ ಇದೆ, ಓದಿ ನೋಡಿ. ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು ಅಂತ ಅದು ಹೇಳೋದು ಆರರಿಂದ ಎಂಟನೇ ತರಗತಿಗೆ ಮಾತ್ರ. ಅದೂ ಆ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ. ಒಂದರಿಂದ ಐದರವರೆಗೆ ಕಲಾ ಶಿಕ್ಷಕರ ಮಾತೇ ಇಲ್ಲ. 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ಆ ಇಬ್ಬರೇ ಭಾಷೆ, ಗಣಿತ, ಪರಿಸರ, ಹಾಡು, ಆಟ, ಚಿತ್ರ ಎಲ್ಲ ನೋಡಿಕೊಳ್ಳಬೇಕು. ಅಂದ್ರೆ ಕೈ ಎಲ್ಲಿ ಅಂದರಲ್ಲಿ ಹರಿಯುವ ವಯಸ್ಸಿನಲ್ಲಿ ಮಗುವಿನ ಮುಂದೆ ಇರೋದು 'ನಂಗೆ ಚಿತ್ರ ಬರಲ್ಲ' ಅನ್ನುವ ಟೀಚರ್. ಮಗು ದೊಡ್ಡದಾಗಿ, ಅದಕ್ಕೂ ಆ ಮಾತು ಬಾಯಿಪಾಠ ಆದಮೇಲೆ, ಅದೃಷ್ಟ ಇದ್ದರೆ ಡ್ರಾಯಿಂಗ್ ಮಾಸ್ತರು ಸಿಗ್ತಾರೆ. ಅವರಿಗೂ ಪರೀಕ್ಷೆಯ ಚಿಂತೆ. ನಮ್ಮಲ್ಲಿ ಲೋಯರ್, ಹೈಯರ್ ಇರುವ ಹಾಗೆ ಇಲ್ಲಿ ಎಲಿಮೆಂಟರಿ, ಇಂಟರ್‌ಮೀಡಿಯೇಟ್ ಗ್ರೇಡ್.

ಹಾಗಂತ ಕಾಗದದ ಮೇಲೆ ಏನೂ ಕಡಿಮೆ ಇಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಯನ್ನ ಶಾಲೆಯ ಎಲ್ಲ ಹಂತದಲ್ಲೂ ಒಂದು ವಿಷಯವಾಗಿ ಇಡಬೇಕು ಅಂದಿತು. 2019ರಲ್ಲಿ ಎನ್‌ಸಿಇಆರ್‌ಟಿ ಕಲೆಯ ಮೂಲಕ ಪಾಠ ಮಾಡೋದು ಹೇಗೆ ಅಂತ ಮಾರ್ಗಸೂಚಿ ತಂತು, 2020ರ ಶಿಕ್ಷಣ ನೀತಿಯಲ್ಲೂ ಅದು ಸೇರಿತು. 2019ರಲ್ಲೇ ಶುರುವಾದ ನಿಷ್ಠಾ ತರಬೇತಿಯಲ್ಲಿ ಇದಕ್ಕೊಂದು ಭಾಗವೇ ಇತ್ತು. ಕೊರೊನಾ ಬಂದಮೇಲೆ ಆ ತರಬೇತಿ ಮೊಬೈಲಿಗೆ ಬಂತು. ವಿಡಿಯೋ ನೋಡಿ, ಪ್ರಶ್ನೆಗೆ ಉತ್ತರ ಕೊಟ್ಟು, ಪ್ರಮಾಣಪತ್ರ ಇಳಿಸಿಕೊಳ್ಳೋದು. ಅದನ್ನ ಹೀಗಳೆಯೋ ಯೋಗ್ಯತೆ ನಂಗಿಲ್ಲ, ನಾನು ಮಾಡಿದ್ದೂ ಅದನ್ನೇ. ಆದರೆ ಈಜು ಕಲಿಸೋಕೆ ಹೊಳೆಯ ವಿಡಿಯೋ ತೋರಿಸಿದರೆ ಆಗಲ್ಲವಲ್ಲ.

ನಮ್ಮಮ್ಮ ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದರು. ತರಬೇತಿಗೆ ಹೋಗುವಾಗ ಪಾಠೋಪಕರಣ ಮಾಡಿಕೊಂಡು ಹೋಗಬೇಕಿತ್ತು. ಹಿಂದಿನ ರಾತ್ರಿ ಡ್ರಾಯಿಂಗ್ ಶೀಟು ನನ್ನ ಮುಂದೆ ಇಟ್ಟು 'ನಂಗೆ ಬರಲ್ಲ ಕಣೋ, ನೀನೇ ಬರ್ದುಕೊಡು' ಅಂತಿದ್ದರು. ಹಸುವಿನ ಅಂಗಗಳು, ನೀರಿನ ಚಕ್ರ ಎಲ್ಲ ಏಳನೇ ಕ್ಲಾಸಿನ ನಾನೇ ಬರೆದದ್ದು. ಮರುದಿನ ಬೆಳಿಗ್ಗೆ ಐದೂವರೆಗೆ ಅದೇ ಅಮ್ಮ ಅಂಗಳ ಸಾರಿಸಿ, 15 ಚುಕ್ಕಿಯಿಂದ 8ಕ್ಕೆ ಇಳಿಸಿ, ಒಂದು ಸಲವೂ ಅಳಿಸದೆ ರಂಗೋಲಿ ಹಾಕ್ತಿದ್ದರು. ಸಮ್ಮಿತಿ ಅನ್ನೋ ಪದ ನಾನು ಕಲಿಯುವ ಮೊದಲೇ ನೋಡಿದ್ದು ಅಲ್ಲಿ. ಅದನ್ನ ಅವರು 'ಚಿತ್ರ' ಅಂತ ಎಣಿಸಲೇ ಇಲ್ಲ, ನಾನೂ ಎಣಿಸಲಿಲ್ಲ. 31 ಗುಡ್ಡಗಳನ್ನ ನೋಡಿದಮೇಲೆ ನಂಗೆ ನೆನಪಾದದ್ದು ಅಮ್ಮನ ಆ ಎರಡು ಕೈಗಳು. ಒಂದು ಶೀಟಿನ ಮುಂದೆ ನಡುಗೋ ಕೈ, ಇನ್ನೊಂದು ಅಂಗಳದ ಕೈ.

ಮುಂದಿನ ವರ್ಷ ಮತ್ತೆ ಅವಕಾಶ ಕೇಳಿದೆ. ಈ ಸಲ ನಾನು ಕಲಿಸಲಿಲ್ಲ. ನಿವೃತ್ತರಾದ ಒಬ್ಬ ಡ್ರಾಯಿಂಗ್ ಸರ್ ಸಿಕ್ಕಿದರು, ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇದ್ದವರು. 'ಪ್ರೊಜೆಕ್ಟರ್ ಬೇಡ, ರದ್ದಿ ಪೇಪರ್ ತಾ' ಅಂದರು. ಇಲ್ಲಿ ಹತ್ತಾರು ಶಾಲೆಗೆ ಒಂದು 'ಕೇಂದ್ರ', ನಮ್ಮ ಕಡೆಯ ಕ್ಲಸ್ಟರ್ ಇದ್ದ ಹಾಗೆ. ಆ ಕೇಂದ್ರದ 22 ಟೀಚರುಗಳು, ಎರಡು ಶನಿವಾರ, ಬೆಳಗಿನ ಶಾಲೆ ಬಿಟ್ಟಮೇಲೆ. ನಡುವೆ ಪಿಠಲ-ಭಾಕರಿ ಊಟ.

ಮೊದಲ ಶನಿವಾರ ಎಲ್ಲರ ಬಾಯಲ್ಲೂ ಒಂದೇ ಮಾತು: 'ಮಲಾ ಚಿತ್ರ ಕಾಢತಾ ಯೇತ್ ನಾಹೀ.' ಅಮ್ಮನ ಮಾತೇ, ಮರಾಠಿಯಲ್ಲಿ. ಸರ್ ಉತ್ತರ ಕೊಡಲಿಲ್ಲ. ನೆಲದ ಮೇಲೆ ಪೇಪರ್ ಹಾಸಿ, ಒಬ್ಬೊಬ್ಬರಿಗೂ ಎರಡು ಇದ್ದಿಲ ತುಂಡು ಕೊಟ್ಟರು, ಎರಡೂ ಕೈಗೆ ಒಂದೊಂದು. 'ಗೀಚಿ, ಪೇಪರ್ ಕಪ್ಪಾಗೋವರೆಗೆ.' ರಬ್ಬರ್ ಇಲ್ಲ. ಒಬ್ಬರು ಟೀಚರ್ ಸೀರೆ ಸೆರಗು ಸಿಕ್ಕಿಸಿಕೊಂಡು ಶುರು ಮಾಡಿದರು, ಅವರನ್ನ ನೋಡಿ ಪಕ್ಕದವರು. ಹತ್ತು ನಿಮಿಷದಲ್ಲಿ 21 ಜನರ ಕೈಯೆಲ್ಲ ಕಪ್ಪು. ಒಬ್ಬ ಗುರೂಜಿ ಮಾತ್ರ, ಐವತ್ತು ದಾಟಿದವರು, ಬಿಳಿ ಅಂಗಿ, ಗೋಡೆಗೆ ಒರಗಿ ನಿಂತಿದ್ದರು. ಜನಗಣತಿ, ಚುನಾವಣೆ, ಆಧಾರ್, ಬಿಸಿಯೂಟದ ಲೆಕ್ಕ, ಇದರ ಮೇಲೆ ಇದೊಂದು ಅಂತ ಅವರ ಮುಖದಲ್ಲೇ ಬರೆದಿತ್ತು. ಅವರದ್ದು ತಪ್ಪು ಅಂತ ನಂಗೆ ಅನ್ನಿಸಲಿಲ್ಲ.

ಆಮೇಲೆ ಸರ್ ಎಲ್ಲರಿಗೂ ತಮ್ಮ ತಮ್ಮ ಚಪ್ಪಲಿ ಎದುರಿಗೆ ಇಟ್ಕೊಳ್ಳಿ ಅಂದರು. ಚಪ್ಪಲಿಯನ್ನೇ ನೋಡ್ತಾ ಬರೆಯಬೇಕು, ಕಾಗದ ನೋಡಬಾರದು. ಕಣ್ಣು ಅಂಚಿನ ಮೇಲೆ ಎಷ್ಟು ನಿಧಾನ ಹೋಗುತ್ತೋ ಕೈಯೂ ಅಷ್ಟೇ ನಿಧಾನ. ಕಲಾಶಾಲೆಗಳಲ್ಲಿ ಇದು ಹಳೇ ಅಭ್ಯಾಸ. ಇದರಲ್ಲಿ ಯಾರ ಚಿತ್ರವೂ 'ಸರಿ' ಬರಲ್ಲ, ಸರ್ ಬರೆದದ್ದೂ ಬರಲಿಲ್ಲ, ಹಾಗಾಗಿ ನಾಚಿಕೆಗೆ ಜಾಗವೇ ಇಲ್ಲ. ಆದರೆ ಸವೆದ ಹಿಮ್ಮಡಿ, ಹೊಲಿಗೆ ಬಿಟ್ಟ ಪಟ್ಟಿ, ಸೇಫ್ಟಿ ಪಿನ್ ಹಾಕಿದ ಉಂಗುಷ್ಠ, ಎಲ್ಲ ಕಾಗದಕ್ಕೆ ಬಂದವು. ಚಪ್ಪಲಿ ಅಂದರೆ ಮನಸ್ಸಿನಲ್ಲಿ ಒಂದು ಸಿದ್ಧ ಆಕಾರ ಇರುತ್ತೆ, ನಾವು ಯಾವಾಗಲೂ ಅದನ್ನೇ ಬರೀತೀವಿ. ಎದುರಿನ ಚಪ್ಪಲಿ ನೋಡೋದೇ ಇಲ್ಲ. ಗುರೂಜಿ ಆಗ ಬಂದು ಕೂತರು. ಅವರ ಚಪ್ಪಲಿ ಹೊಸದು, ಪಾಪ, ಬರೆಯೋಕೆ ಏನೂ ಇರಲಿಲ್ಲ. ಪಕ್ಕದವರದ್ದು ಎಳ್ಕೊಂಡರು.

ಎರಡನೇ ಶನಿವಾರ ಬಣ್ಣ. ಅಂಗಡಿಯ ಪೆಟ್ಟಿಗೆ ಬೇಡ ಅಂದರು ಸರ್. ಕೆಮ್ಮಣ್ಣು, ಅರಿಶಿನ, ಬಟ್ಟೆಗೆ ಹಾಕೋ ನೀಲಿ, ಸುಣ್ಣ, ಇದ್ದಿಲ ಪುಡಿ, ಅಂಟಿಗೆ ಅಕ್ಕಿ ಗಂಜಿ. ಅರಿಶಿನಕ್ಕೆ ಸುಣ್ಣ ಬಿದ್ದ ಕೂಡಲೇ ಕೆಂಪಾಯ್ತಲ್ಲ, ಇಡೀ ಕೋಣೆ 'ಓಹ್' ಅಂತು. ನಾನು ಹೇಳಿದೆ, ಇದು ನಮ್ಮಲ್ಲಿ ಓಕುಳಿ, ಆರತಿ ಎತ್ತೋಕೆ ಮಾಡ್ತೀವಿ ಅಂತ. ದಿನಾ ಕುಂಕುಮ ಇಟ್ಟುಕೊಳ್ಳೋ ಅವರಿಗೂ ಅದು ಗೊತ್ತಿತ್ತು, ಚಿತ್ರದ ಬಣ್ಣ ಅಂತ ಗೊತ್ತಿರಲಿಲ್ಲ ಅಷ್ಟೇ. ಬೆಂಡೆಕಾಯಿ ಅಡ್ಡ ಕತ್ತರಿಸಿ ಅಚ್ಚು ಹಾಕಿದರು. ಒಂದಕ್ಕೆ ಐದು ಮೂಲೆ, ಒಂದಕ್ಕೆ ಆರು. 'ಇದರಲ್ಲಿ ಐದರ ಮಗ್ಗಿ ಮಾಡಬಹುದು' ಅಂತ ಒಬ್ಬರು ಟೀಚರ್ ತಾವೇ ಅಂದರು. ಕಲೆಯ ಮೂಲಕ ಪಾಠ ಅನ್ನೋದಕ್ಕೆ ಮಾರ್ಗಸೂಚಿ ಓದಿದಾಗ ನಂಗೆ ಅರ್ಥ ಆಗದ್ದು ಆವಾಗ ಆಯ್ತು.

ಮಹಾರಾಷ್ಟ್ರ ಅಂದಮೇಲೆ ವಾರ್ಲಿ ಬರಲೇಬೇಕು. ಪಾಲ್ಘರ್ ಕಡೆಯ ಆದಿವಾಸಿ ಹೆಂಗಸರು ಮದುವೆ ಮನೆಯ ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿ ಹಿಟ್ಟಿನಲ್ಲಿ ಬರೀತಿದ್ದದ್ದು ಅದು. ಅದನ್ನ ಕಾಗದಕ್ಕೆ ತಂದು ಜಗತ್ತಿಗೆ ತೋರಿಸಿದವರು ಜಿವ್ಯಾ ಸೋಮಾ ಮಾಶೆ, 2011ರಲ್ಲಿ ಪದ್ಮಶ್ರೀ ಬಂತು, 2018ರಲ್ಲಿ ತೀರಿಕೊಂಡರು. ನಾನು ಫೋನಿನಲ್ಲಿ ನಮ್ಮೂರ ಕಡೆಯ ದೀವರ ಚಿತ್ತಾರ ತೋರಿಸಿದೆ. ಅಲ್ಲೂ ಕೆಮ್ಮಣ್ಣು, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಅದನ್ನೂ ಬರೆಯೋದು ಹೆಂಗಸರೇ. ಪಕ್ಕದ ಮನೆಯ ಗೋಡೆ ಮೇಲೆ ದಿನಾ ನೋಡಿ ಬೆಳೆದವನು ನಾನು, ಅದರ ಬಗ್ಗೆ ಮೊದಲ ಸಲ ಮಾತಾಡಿದ್ದು ರಾಂಜಣಗಾಂವದಲ್ಲಿ, ಮುರುಕು ಮರಾಠಿಯಲ್ಲಿ.

ಆದರೆ ಇಲ್ಲೊಂದು ಗುಂಡಿ ಇತ್ತು. ವಾರ್ಲಿ ಅಂದ ತಕ್ಷಣ ಎಲ್ಲರೂ ಎರಡು ತ್ರಿಕೋನದ ಮನುಷ್ಯ, ಕೈ ಕೈ ಹಿಡಿದು ಸುತ್ತುವ ತಾರ್ಪಾ ಕುಣಿತ ಶುರು ಮಾಡಿದರು. ಕುರ್ತಾ ಮೇಲೆ, ಟೀ ಕಪ್ಪಿನ ಮೇಲೆ ಎಲ್ಲ ಇರುತ್ತಲ್ಲ, ಅದು. ನನ್ನ ಗುಡ್ಡ ಸೂರ್ಯನ ಇನ್ನೊಂದು ವೇಷ. ಸರ್ ತಡೆದರು. 'ಈ ಊರಲ್ಲಿ ಯಾರು ತಾರ್ಪಾ ಕುಣೀತಾರೆ? ಅವರು ಅವರ ಊರು ಬರೆದರು. ನೀವು ನಿಮ್ಮದು ಬರೀರಿ.' ಆಮೇಲೆ ಗೋಡೆ ಮೇಲೆ ಬಂದದ್ದು ನೋಡಬೇಕಿತ್ತು. ಶಿಫ್ಟ್ ಬದಲಾಗುವಾಗ ಹೆದ್ದಾರಿ ದಾಟೋ ಸಾಲು, ಕಂಪನಿ ಬಸ್ಸು, ಸಂಕಷ್ಟಿ ದಿನ ಗಣಪತಿಯ ಕ್ಯೂ, ಈರುಳ್ಳಿ ಚೀಲ ಹೊತ್ತ ಟೆಂಪೋ. ಶಿಫ್ಟ್ ಸಾಲು ಬರೆದವರು ಬಿಳಿ ಅಂಗಿಯ ಗುರೂಜಿ. ಅವರ ಮಗ ಅಲ್ಲೇ ಕಾಂಟ್ರಾಕ್ಟ್ ಕೆಲಸಕ್ಕೆ ಹೋಗ್ತಾನಂತೆ.

ಇದೆಲ್ಲ ನಮ್ಮ ಸರ್ ಕಂಡುಹಿಡಿದದ್ದಲ್ಲ. ಶಾಂತಿನಿಕೇತನದಲ್ಲಿ ಕಲಿತ ದೇವಿ ಪ್ರಸಾದ್ 1944ರಿಂದ 1962ರವರೆಗೆ ಇದೇ ರಾಜ್ಯದ ಸೇವಾಗ್ರಾಮದಲ್ಲಿ ಗಾಂಧಿಯ ನಯೀ ತಾಲೀಮ್ ಮಕ್ಕಳಿಗೆ ಕಲೆ ಕಲಿಸಿದರು, ಆ ಅನುಭವ ಪುಸ್ತಕವಾಗಿಯೂ ಇದೆ. ನಮ್ಮ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಜೊತೆ ಮಾಡಿದ ಪ್ರಯೋಗವೂ ಈ ದಾರಿಯದೇ. ಟೀಚರುಗಳಿಗೆ ಕೈಕೆಲಸ, ಗೊಂಬೆಯಾಟ ಕಲಿಸೋಕೆ ಕೇಂದ್ರ ಸರಕಾರದ ಸಿಸಿಆರ್‌ಟಿ 1979ರಿಂದ ಇದೆ. ದಾರಿ ಹಳೆಯದು, ನಮ್ಮ ಶಾಲೆಯ ಬಾಗಿಲವರೆಗೆ ಬಂದಿರಲಿಲ್ಲ ಅಷ್ಟೇ.

ಸರ್ ಕೊನೆಗೆ ಎರಡೇ ನಿಯಮ ಹೇಳಿದರು. ಮಗುವಿನ ಕಾಗದದ ಮೇಲೆ ನಿಮ್ಮ ಪೆನ್ಸಿಲ್ ಇಡಬೇಡಿ. 'ಇದೇನು?' ಅಂತ ಕೇಳಬೇಡಿ, 'ಇದರ ಬಗ್ಗೆ ಹೇಳು' ಅನ್ನಿ. ಕೇಳೋಕೆ ಸಣ್ಣ ವಿಷಯ. ನನ್ನ ಮಗಳ ಚಿತ್ರ ತಿದ್ದಬಾರದು ಅಂತ ನಾನು ಮನೆಯಲ್ಲಿ ಪ್ರಯತ್ನ ಮಾಡಿದೆ, ಎರಡನೇ ದಿನವೇ ಆನೆಗೆ ಸೊಂಡಿಲು ಸರಿ ಮಾಡಿಬಿಟ್ಟೆ.

ಈಗ ಆ 31 ಚಿತ್ರ ಕಳಿಸಿದ್ದ ಟೀಚರ್ ವಿಷಯ. ಎರಡೂ ಶನಿವಾರ ಬಂದಿದ್ದರು. ಒಂದು ತಿಂಗಳ ಮೇಲೆ ಫೋನ್ ಮಾಡಿದರು. 'ಸರ್, ನಿಮಗೆ ಕನ್ನಡ ಬರುತ್ತಲ್ಲ, ಒಂದು ದಿನ ಶಾಲೆಗೆ ಬನ್ನಿ.' ಹೋದೆ. ಯಾದಗಿರಿ ಕಡೆಯಿಂದ ಬಂದ ಒಬ್ಬ ಹುಡುಗ ಅವರ ತರಗತಿಯಲ್ಲಿದ್ದ. ಅಪ್ಪ ಅಮ್ಮ ಕಟ್ಟಡ ಕೆಲಸಕ್ಕೆ ಬಂದವರು. ಮರಾಠಿ ಬರಲ್ಲ, ಹಾಗಾಗಿ ಮಾತೇ ಇಲ್ಲ. ಕೇಳಿದ್ದಕ್ಕೆ ಉತ್ತರ ಇಲ್ಲ, 20ರವರೆಗೆ ಎಣಿಸು ಅಂದರೆ ಸುಮ್ಮನೆ ನಿಲ್ತಾನೆ. ರಿಜಿಸ್ಟರಿನಲ್ಲಿ ಅವನ ಹೆಸರಿನ ಮುಂದೆ ಗಣಿತಕ್ಕೆ ಎಲ್ಲಕ್ಕಿಂತ ಕೆಳಗಿನ ಮಟ್ಟ ಅಂತ ಟೀಚರೇ ಬರೆದಿದ್ದರು.

'ನಿನ್ನ ಮನೆ ಬರಿ' ಅಂದಾಗ ಅವನು ಬರೆದದ್ದು ನನ್ನ ಮುಂದೆ ಇಟ್ಟರು. ಗುಡ್ಡ ಇಲ್ಲ, ಸೂರ್ಯ ಇಲ್ಲ. ಕಾಗದದ ಈ ತುದಿಯಿಂದ ಆ ತುದಿಗೆ ಒಂದು ತಗಡಿನ ಚಾಳು, ಸಾಲಾಗಿ ಬಾಗಿಲು. ಕೆಳಗೆ ಒಂದು ನಲ್ಲಿ, ಅದರ ಮುಂದೆ ಕೊಡಗಳ ಸಾಲು. ನಾನು ಪಕ್ಕ ಕೂತು ಕನ್ನಡದಲ್ಲಿ, ಇದರ ಬಗ್ಗೆ ಹೇಳಪ್ಪ ಅಂದೆ. ಮೊದಲು ನನ್ನ ಮುಖವನ್ನೇ ನೋಡಿದ. ಆಮೇಲೆ ನಿಲ್ಲಿಸಲೇ ಇಲ್ಲ. 'ಇದು ನೀರಿನ ಪಾಳಿ ಅದರೀ ಸರ. ನಮ್ಮದು ಈ ಕೆಂಪು ಕೊಡ.' ಟೀಚರ್ ಬಾಗಿಲು ಎಣಿಸಿದರು, 12. ಕೊಡ ಎಣಿಸಿದರು, 11. 'ಒಂದು ಬಿಟ್ಟಿದ್ದಾನೆ' ಅಂದರು. ನಾನು ಕೇಳಿದೆ. ಅವನು ಒಂದು ಬಾಗಿಲ ಮೇಲೆ ಬೆರಳಿಟ್ಟ. ಅಲ್ಲಿ ಒಂದು ಸಣ್ಣ ಕಪ್ಪು ಚುಕ್ಕಿ. 'ಇದು ಕೀಲಿ ರೀ. ಅವರು ಊರಿಗೆ ಹೋಗ್ಯಾರ.'

ಟೀಚರ್ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕನ್ನಡದಲ್ಲಿ ಒಂದರಿಂದ ಇಪ್ಪತ್ತು ಹೇಳಿ ಅಂದರು. ನಾನು ಹೇಳ್ತಾ ಹೋದೆ, ದೇವನಾಗರಿಯಲ್ಲಿ ಬರ್ಕೊಂಡರು. ರಿಜಿಸ್ಟರ್ ತೆಗೆದು ತಿದ್ದಿದರು. ಹೋದ ವರ್ಷ ಅವರದ್ದೇ ಸ್ಲೈಡು, ಅಂದ್ರೆ ನನ್ನದೇ ಸ್ಲೈಡು ಮುಂದಿಟ್ಟಿದ್ದರೆ ಈ ಹುಡುಗನೂ ಏಳು ಕಿರಣದ ಸೂರ್ಯ ಬರೆದು ಕೊಡ್ತಿದ್ದ, ಕೆಳಗಿನ ಮಟ್ಟದಲ್ಲೇ ಉಳೀತಿದ್ದ.

ಎಲ್ಲ ಹೀಗೇ ಆಯ್ತು ಅಂತ ಅಂದುಕೋಬೇಡಿ. 22ರಲ್ಲಿ ತರಗತಿಯಲ್ಲಿ ಏನಾದರೂ ಮುಂದುವರಿಸಿದವರು, ನಾನು ಹೋಗಿ ನೋಡಿದ ಮಟ್ಟಿಗೆ, ಎಂಟು ಜನ. ಇಬ್ಬರಿಗೆ ಬೇರೆ ಕಡೆ ವರ್ಗ ಆಯ್ತು. ಒಂದು ಶಾಲೆಯಲ್ಲಿ ಮೇಲಿನವರು ಬರ್ತಾರೆ ಅಂತ ಗೋಡೆಯ ಚಿತ್ರಗಳನ್ನೆಲ್ಲ ತೆಗೆದು, ಅಂಗಡಿಯಿಂದ ತಂದ ನವಿಲಿನ ಚಾರ್ಟ್ ಹಾಕಿದ್ದರು. ಗಂಜಿ ಹಾಕಿದ ಬಣ್ಣ ಎರಡೇ ದಿನಕ್ಕೆ ಹುಳಿ ವಾಸನೆ ಬಂದು ಒಬ್ಬ ಪೋಷಕರು ಜಗಳಕ್ಕೇ ಬಂದರು. ಈಗ ಬೇಕಾದಷ್ಟೇ ಕಲಸಿಕೊಳ್ತೀವಿ. ಇಲ್ಲಿನ ಕಪ್ಪು ಮಣ್ಣಿನಲ್ಲಿ ಮಾಡಿದ ಗೊಂಬೆ ಒಣಗಿದಾಗ ಬಿರುಕು ಬಿಟ್ಟವು, ಮರಳು ಸೇರಿಸಬೇಕು ಅಂತ ಆಮೇಲೆ ಗೊತ್ತಾಯ್ತು. ಎರಡು ಶನಿವಾರ ಸಾಲಲ್ಲ, ತಿಂಗಳಿಗೊಂದು ಸಲ ಕೂರಬೇಕು. ಈಗ ಕೇಂದ್ರದ ತಿಂಗಳ ಸಭೆಯಲ್ಲಿ ನಲವತ್ತು ನಿಮಿಷ ಕೇಳಿಕೊಂಡಿದ್ದೀವಿ. ಕೆಲವೊಮ್ಮೆ ಸಿಗುತ್ತೆ, ಕೆಲವೊಮ್ಮೆ ಲೆಕ್ಕಪತ್ರ ನುಂಗುತ್ತೆ.

ನಮ್ಮಂಥ ಐಟಿಯವರು ಏನು ಮಾಡಬಹುದು ಅಂತ ಕೊನೆಗೆ ಯಾರಾದರೂ ಕೇಳೇ ಕೇಳ್ತೀರಿ. ಆ್ಯಪ್ ಮಾಡೋಣ ಅಂತ ದಯವಿಟ್ಟು ಬರಬೇಡಿ. ಇದೇ ಪುಣೆಯಲ್ಲಿ ಅರವಿಂದ್ ಗುಪ್ತಾ ಇದ್ದರು. ಐಐಟಿ ಎಂಜಿನಿಯರ್, ಟೆಲ್ಕೋದಲ್ಲಿ ಕೆಲಸ. 1978ರಲ್ಲಿ ರಜೆ ಹಾಕಿ ಹೋಶಂಗಾಬಾದಿನ ಹಳ್ಳಿ ಶಾಲೆಗಳಿಗೆ ಹೋದರು, ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನಲ್ಲಿ ಆಕೃತಿ ಮಾಡಿಸಿದರು. ಆಮೇಲೆ ಇಲ್ಲಿನ ಆಯುಕಾದಲ್ಲಿ ಎಷ್ಟೋ ವರ್ಷ ಟೀಚರುಗಳ ಕೈಯಲ್ಲಿ ಕಸದಿಂದ ಆಟಿಕೆ ಮಾಡಿಸಿದರು. ನಾನು ಅವರ ಕಾಲ ಧೂಳಿಗೂ ಸಮ ಅಲ್ಲ. ಆದರೆ ಒಂದು ಗೊತ್ತಾಗಿದೆ: ಅಲ್ಲಿ ನೆಲದ ಮೇಲೆ ಕೂರೋಕೆ, ಬಕೆಟ್ ತೊಳೆಯೋಕೆ ಜನ ಬೇಕು.

ಮುಂದಿನ ತಿಂಗಳು ಮತ್ತೆ ಶುರು ಮಾಡ್ತಿದ್ದೀವಿ, ಪಕ್ಕದ ಕೇಂದ್ರದಲ್ಲಿ. ಬರೋರು ಹಳೇ ಬಟ್ಟೆ ಹಾಕ್ಕೊಂಡು ಬನ್ನಿ. ಮನೆಯಲ್ಲಿರೋ ರದ್ದಿ ಪೇಪರ್ ತನ್ನಿ, ಕನ್ನಡ ಪೇಪರ್ ಇದ್ದರೆ ಬೇರೆ ಕಟ್ಟು ಮಾಡಿ ಕೊಡಿ. ಆ ಹುಡುಗ ಊರಲ್ಲಿ ಒಂದನೇ ಕ್ಲಾಸ್ ಕನ್ನಡ ಶಾಲೆಯಲ್ಲಿ ಓದಿದವನು, ಬಣ್ಣ ಹಚ್ಚೋ ಮೊದಲು ಪೇಪರಿನಲ್ಲಿ ತನಗೆ ಗೊತ್ತಿರೋ ಅಕ್ಷರ ಹುಡುಕ್ತಾ ಕೂತಿರ್ತಾನೆ.